ಐದು ಗಂಟೆಗೆ ಎದ್ದವರು ಎಲ್ಲಿ ಕೂರಬೇಕು?

ಕ್ಯಾರವಾನ್ ಎಂದರೆ ನಮ್ಮ ಕಡೆ ಸಿನಿಮಾದವರ ಗಾಡಿ. ಶೂಟಿಂಗ್ ನಡೆಯುವ ಊರಲ್ಲಿ ಮರದ ನೆರಳು ನೋಡಿಕೊಂಡು ನಿಂತಿರುತ್ತದೆ. ಒಳಗೆ ಎ.ಸಿ. ಗುಂಯ್‌ಗುಡುತ್ತಿದ್ದರೆ ಹೊರಗೆ ಊರ ಹುಡುಗರು ಹೀರೋ ಯಾವಾಗ ಇಳಿಯುತ್ತಾನೋ ಎಂದು ಬಾಗಿಲನ್ನೇ ನೋಡುತ್ತಿರುತ್ತಾರೆ. ಅಕ್ಕ ಲೀಡ್ಸ್‌ನಿಂದ ಫೋನ್ ಮಾಡಿ "ಒಂದು ಕ್ಯಾರವಾನ್ ತಗೊಳ್ಳೋಣ ಅಂತಿದೀವಿ ಕಣೋ" ಎಂದಾಗ ನಾನು "ಭಾವ ಯಾವ ಪಿಕ್ಚರ್ ಮಾಡ್ತಿದಾರೆ?" ಎಂದು ಕೇಳಿದ್ದು ಅದಕ್ಕೇ.

ಇಂಗ್ಲೆಂಡಿನವರ ಕ್ಯಾರವಾನಿಗೆ ಎಂಜಿನ್ನೇ ಇಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಎಂಜಿನ್ ಇರುವುದನ್ನು ಅವರು ಮೋಟರ್‌ಹೋಮ್ ಎನ್ನುತ್ತಾರೆ. ಕ್ಯಾರವಾನ್ ಎಂದರೆ ಗಾಲಿಯ ಮೇಲೆ ಕೂರಿಸಿದ ಬಿಳಿ ಪೆಟ್ಟಿಗೆಮನೆ. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು, ಕ್ಯಾಂಪ್‌ಸೈಟಿನ ಹುಲ್ಲಿನ ಮೇಲೆ ನಿಲ್ಲಿಸಿ ನಾಲ್ಕು ಮೂಲೆಗೆ ನಾಲ್ಕು ಕಾಲು ಇಳಿಸುವುದು, ಕಾರು ಬಿಚ್ಚಿಕೊಂಡು ಊರು ಸುತ್ತಲು ಹೊರಡುವುದು. ಹೀಗೆ ಎಳೆದಾಡುವಂಥದ್ದಕ್ಕೆ ಟೂರರ್ ಎಂದು ಹೆಸರು. ಒಂದೇ ಕಡೆ ನೆಟ್ಟಿರುವ ದೊಡ್ಡ ಜಾತಿ ಬೇರೆ, ಅದರ ಸುದ್ದಿ ಇಲ್ಲಿ ಬೇಡ.

ಅಕ್ಕನ ಮನೆಯಲ್ಲಿ ಈಗ ಏಳು ಜನ. ಅಕ್ಕ, ಭಾವ, ಹನ್ನೆರಡು, ಒಂಬತ್ತು, ಐದು ವಯಸ್ಸಿನ ಮೂವರು ಮಕ್ಕಳು. ಜೊತೆಗೆ ಆರು ತಿಂಗಳ ವೀಸಾದಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದಿರುವ ಭಾವನ ಅಪ್ಪ ಅಮ್ಮ. ಮಕ್ಕಳ ಬಾಯಿಂದ ಬಂದು ಈಗ ಮನೆಮಂದಿಗೆಲ್ಲ ಅವರು ಅಜ್ಜ, ಅಜ್ಜಿಯೇ. ಕಳೆದ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿ ನಾಲ್ಕು ರಾತ್ರಿ ಹೋಟೆಲಿಗೆ ಮೂರು ಮೂರು ರೂಮಿನ ಬಾಡಿಗೆ ಕಟ್ಟಿದ ಮೇಲೆ ಭಾವನಿಗೆ ಈ ಯೋಚನೆ ಹತ್ತಿತಂತೆ. ಒಂದು ಶನಿವಾರ ಬೆಳಿಗ್ಗೆ ಎರಡು ಕಾರಿನಲ್ಲಿ ಎಲ್ಲರೂ ಪೂರ್ವಕ್ಕೆ ಹೊರಟೆವು, ಹಲ್ ಕಡೆಗೆ.

ಚನ್ನಪಟ್ಟಣಕ್ಕೆ ಬೊಂಬೆ ಇದ್ದ ಹಾಗೆ ಹಲ್‌ನ ಸುತ್ತಮುತ್ತಲಿಗೆ ಕ್ಯಾರವಾನ್. 1964ರಲ್ಲಿ ಶುರುವಾದ ಸ್ವಿಫ್ಟ್ ಕಂಪನಿ ಇರುವುದು ಪಕ್ಕದ ಕಾಟಿಂಗ್‌ಹ್ಯಾಮ್‌ನಲ್ಲಿ, ಕೋಚ್‌ಮನ್ ಹಲ್‌ನಲ್ಲೇ. ದೇಶದ ಇನ್ನೊಂದು ದೊಡ್ಡ ಹೆಸರು ಬೈಲಿ, 1948ರಿಂದ ನೈಋತ್ಯದ ಬ್ರಿಸ್ಟಲ್‌ನಲ್ಲಿದೆ. ಆ ಬ್ರಿಸ್ಟಲ್‌ಗೆ ಇನ್ನೂ ಹಳೆಯ ಹಕ್ಕೂ ಉಂಟು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೇಳುವ 'ವಾಂಡರರ್' ತಯಾರಾದದ್ದು ಅಲ್ಲೇ, 1885ರಲ್ಲಿ. ಕಟ್ಟಿಸಿದವನು ಗಾರ್ಡನ್ ಸ್ಟೇಬಲ್ಸ್, ನೌಕಾಪಡೆಯ ನಿವೃತ್ತ ವೈದ್ಯ, ಹುಡುಗರಿಗೆ ಸಾಹಸದ ಕತೆ ಬರೆಯುತ್ತಿದ್ದವನು. ಎರಡು ಕುದುರೆ ಎಳೆಯಬೇಕಾದ ಆ ಗಾಡಿಯಲ್ಲಿ ಅವನ ಜೊತೆ ಹೊರಟದ್ದು ಗಾಡಿ ಹೊಡೆಯುವವನೊಬ್ಬ, ಆಳೊಬ್ಬ, ಒಂದು ನಾಯಿ, ಒಂದು ಗಿಳಿ. ಅವನಿಗೆ ಲೆಕ್ಕ ಸುಲಭವಿತ್ತು.

ನಾವು ಹೋದದ್ದು ಊರಾಚೆಯ ಒಂದು ಮಾರಾಟದ ಅಂಗಳಕ್ಕೆ. ಜಲ್ಲಿ ಹಾಸಿದ ನೆಲ, ಗಾಳಿಗೆ ಪಟಪಟಿಸುವ ಬಾವುಟಗಳು, ಸಾಲು ಸಾಲು ಬಿಳಿ ಪೆಟ್ಟಿಗೆಗಳು. ಒಂದು ಬದಿಗೆ ಹೊಸವು, ಇನ್ನೊಂದು ಬದಿಗೆ ಹಳೆಯವು. ನಮ್ಮ ಜೊತೆ ಸುತ್ತಲು ಬಂದವನು ಅರವತ್ತು ದಾಟಿದ ಯಾರ್ಕ್‌ಶೈರ್‌ನ ಮನುಷ್ಯ. ಆ ಕಡೆ ಅಂಗಡಿಯವರು ಎಲ್ಲರನ್ನೂ 'ಲವ್' ಎಂದೇ ಕರೆಯುವುದು. ಅವನು ಅಜ್ಜಿಗೂ "ಲವ್, ಮೆಟ್ಟಿಲು ಹುಷಾರು" ಎಂದ. ಅಕ್ಕ ಆ ಒಂದು ಪದ ಬಿಟ್ಟು ಮಿಕ್ಕಿದ್ದನ್ನು ಕನ್ನಡ ಮಾಡಿ ಹೇಳಿದಳು.

ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಿ ಅಥವಾ ಈ ಪ್ಲಾಸ್ಟಿಕ್ ಚೀಲ ಕಾಲಿಗೆ ಹಾಕಿಕೊಳ್ಳಿ ಎಂದು ಪ್ರತಿ ಬಾಗಿಲಲ್ಲೂ ಬರೆದಿತ್ತು. ಅಜ್ಜಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಮೊದಲು ಹತ್ತಿದ್ದು ಹೊಚ್ಚ ಹೊಸದು. ಬೆಲೆ ಮೂವತ್ತು ಸಾವಿರ ಪೌಂಡಿನ ಆಸುಪಾಸು. ಹೊಸ ಪ್ಲೈವುಡ್ಡಿನ, ಹೊಸ ಬಟ್ಟೆಯ ವಾಸನೆ. ಮುಂದೆ ಕಿಟಕಿಗೆ ಆನಿಕೊಂಡು ಎದುರುಬದುರು ಎರಡು ಉದ್ದ ಸೋಫಾ. ನಡುವೆ ಒಂದು ಕಡೆ ಅಡಿಗೆ ಕಟ್ಟೆ, ಅದರ ಎದುರಿಗೆ ಇಬ್ಬರು ಮುಖಾಮುಖಿ ಕೂರುವ ಸಣ್ಣ ಮೇಜು. ಹಿಂದೆ ಒಂದರ ಮೇಲೊಂದು ಎರಡು ಮಕ್ಕಳ ಹಾಸಿಗೆ, ಪಕ್ಕದಲ್ಲಿ ಟಾಯ್ಲೆಟ್. ಬಾಗಿಲ ಮೇಲಿನ ಚೀಟಿಯಲ್ಲಿ 'ಆರು ಬರ್ತ್' ಎಂದಿತ್ತು.

ಬರ್ತ್ ಎನ್ನುವ ಮಾತು ಕೇಳುತ್ತಲೇ ನನಗೆ ರೈಲು ನೆನಪಾಯಿತು. ಸಂಸಾರ ಸಮೇತ ಸ್ಲೀಪರ್‌ನಲ್ಲಿ ಹೋದವರಿಗೆ ನಡುವಿನ ಬರ್ತಿನ ಸಂಕಟ ಗೊತ್ತು. ಅದರಲ್ಲಿ ಮಲಗಿದವನು ಏಳುವವರೆಗೆ ಕೆಳಗಿನವನು ಬೆನ್ನು ನೆಟ್ಟಗೆ ಮಾಡಿ ಕೂರುವ ಹಾಗಿಲ್ಲ. ಇಲ್ಲಿಯೂ ಅದೇ ಕತೆ. ಮುಂದಿನ ಎರಡು ಸೋಫಾಗಳ ನಡುವೆ ಪಟ್ಟಿ ಎಳೆದು ದಿಂಬು ಜೋಡಿಸಿದರೆ ಇಬ್ಬರ ಹಾಸಿಗೆ. ಸಣ್ಣ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಒಬ್ಬರಿಗೆ, ಅದರ ಮೇಲೆ ಮಡಚಿಟ್ಟಿರುವ ಹಲಗೆ ಎತ್ತಿ ಸಿಕ್ಕಿಸಿದರೆ ಇನ್ನೊಬ್ಬರಿಗೆ. ಹಿಂದೆ ಮಕ್ಕಳಿಬ್ಬರು. ಆರು ಸರಿಹೋಯಿತು. ಆದರೆ ಆರೂ ಜನ ಮಲಗಿದ ಮೇಲೆ ಇಡೀ ಮನೆಯಲ್ಲಿ ಕುರ್ಚಿ ಎಂಬುದೇ ಇಲ್ಲ.

ಮಾರುವವನು ಉತ್ಸಾಹದಿಂದ ಪಟ್ಟಿ ಎಳೆದು, ದಿಂಬು ತಿರುಗಿಸಿ, ಹಾಸಿಗೆ ಮಾಡಿ ತೋರಿಸಿದ. ಎಲ್ಲರೂ ತಲೆದೂಗಿದೆವು. ಅಜ್ಜಿ ಮಾತ್ರ ಅಡಿಗೆ ಕಟ್ಟೆಗೆ ಒರಗಿ ನಿಂತೇ ಕೇಳಿದರು, "ನಾನು ಐದು ಗಂಟೆಗೆ ಏಳ್ತೀನಿ. ಎದ್ದು ಎಲ್ಲಿ ಕೂತ್ಕೊಳ್ಳಲಿ?"

ಅಕ್ಕ ಅದನ್ನು ಇಂಗ್ಲಿಷ್ ಮಾಡಿದಳು. ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಹಾಸಿಗೆಯನ್ನೊಮ್ಮೆ, ಮೇಜಿನ ಜಾಗವನ್ನೊಮ್ಮೆ ನೋಡಿದ. ಮೂವತ್ತು ವರ್ಷದಿಂದ ಮಾರುತ್ತಿದ್ದೇನೆ, ಎಷ್ಟು ಜನ ಮಲಗಬಹುದು ಎಂದು ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳಿರಲಿಲ್ಲ ಎಂದ. ಅಂಗಡಿಯವನ ಹೊಗಳಿಕೆ ಎಂದು ನಾನು ಅದನ್ನು ಅರ್ಧವೇ ನಂಬಿದೆ. ಆದರೂ ಅಲ್ಲಿಂದ ಮುಂದೆ ಪ್ರತಿ ಗಾಡಿ ಹತ್ತಿದಾಗಲೂ ಅಜ್ಜಿಯ ಐದು ಗಂಟೆಯೇ ನಮ್ಮ ಅಳತೆಗೋಲಾಯಿತು.

ಅಳೆಯುತ್ತಾ ಹೋದ ಹಾಗೆ ಒಂದು ಸಂಗತಿ ಹೊಳೆಯಿತು. ಆರು ಬರ್ತಿನ ಗಾಡಿಯಲ್ಲಿ ನಾಲ್ಕು ಜನ ಮಲಗಿದರೆ ಒಂದು ಮೇಜು ಉಳಿಯುತ್ತದೆ. ನಾಲ್ಕು ಬರ್ತಿನದರಲ್ಲಿ ಇಬ್ಬರು. ಅಂದರೆ ಸಂಸಾರಕ್ಕೆ ಎಣಿಸಬೇಕಾದ್ದು ರಾತ್ರಿಯ ತಲೆಗಳನ್ನಲ್ಲ, ನಸುಕಿನಲ್ಲಿ ಒಬ್ಬರು ಎದ್ದಾಗ ಮಿಕ್ಕವರ ನಿದ್ದೆ ಕೆಡದೆ ಉಳಿಯುವ ಜಾಗವನ್ನು. ಇನ್ನೊಂದು ಮಳೆಯ ದಿನದ ಪ್ರಶ್ನೆ. ಅದು ಇಂಗ್ಲೆಂಡ್. ವಾರದ ರಜೆಯಲ್ಲಿ ಎರಡು ದಿನವಾದರೂ ಹೊರಗೆ ಕಾಲಿಡಲು ಬಿಡದಂತೆ ಮಳೆ ಹಿಡಿಯುತ್ತದೆ. ಆಗ ಏಳು ಜನ ಏಕಕಾಲಕ್ಕೆ ಎಚ್ಚರವಾಗಿರಬೇಕು, ಅದೂ ಒಬ್ಬರನ್ನೊಬ್ಬರು ಕೊಲ್ಲದೆ.

ಎರಡನೆಯ ಗಾಡಿ ದೈತ್ಯ. ಸಾಮಾನ್ಯವಾಗಿ ಇಂಗ್ಲಿಷ್ ಕ್ಯಾರವಾನ್‌ಗಳ ಅಗಲ ಏಳೂವರೆ ಅಡಿ, ಇದು ಎಂಟು. ಅರ್ಧ ಅಡಿಯಲ್ಲಿ ಏನು ಮಹಾ ಎಂದುಕೊಂಡು ಹತ್ತಿದರೆ ಅಲ್ಲೇ ಇತ್ತು ವ್ಯತ್ಯಾಸ. ಅಕ್ಕ ಒಲೆಯ ಮುಂದೆ ನಿಂತಿದ್ದಾಗಲೂ ಹಿಂದಿನಿಂದ ಭಾವ ದಾಟಿ ಹೋದ, ಮೈ ಓರೆ ಮಾಡದೆ. ಕೆಳಗೆ ಎರಡು ಅಚ್ಚು, ನಾಲ್ಕು ಗಾಲಿ. ಓಡುವಾಗ ನೆಲ ಕಚ್ಚಿಕೊಂಡು ಹೋಗುತ್ತದೆ ಎಂದು ಮಾರುವವನು ಹೇಳಿದ್ದು ನಿಜವೇ. ನಿಲ್ಲಿಸಿ ಕೈಯಲ್ಲಿ ತಿರುಗಿಸುವುದು ಮಾತ್ರ ಆಗದ ಕೆಲಸ. ಅದಕ್ಕೆ ಗಾಲಿಗಳಿಗೆ ಒತ್ತಿ ಕೂರುವ ಬ್ಯಾಟರಿ ಮೋಟಾರು ಬೇಕು, ರಿಮೋಟಿನಿಂದ ಅಂಗುಲ ಅಂಗುಲ ಸರಿಸಬೇಕು. ಕೊಂಡಿ ಸೇರಿ ಉದ್ದ ಸುಮಾರು ಎಂಟು ಮೀಟರ್. ಹಿಂದಿನ ಗೋಡೆಯಿಂದ ಗೋಡೆಗೆ ಬಚ್ಚಲು. ಷವರಿಗೇ ಬೇರೆ ಗಾಜಿನ ಗೂಡು, ಬಟ್ಟೆಯ ಬೀರು, ಕನ್ನಡಿ. ಮಕ್ಕಳು ಷವರಿನೊಳಗೆ ನಿಂತು ಕುಣಿದರು.

ನನಗೆ ಆ ಬಚ್ಚಲು ಹಿಡಿಸಲಿಲ್ಲ. ಗಾಡಿಯ ನಾಲ್ಕನೆಯ ಒಂದು ಭಾಗ ನುಂಗಿರುವ ಅದನ್ನು ದಿನಕ್ಕೆ ಎಷ್ಟು ಹೊತ್ತು ಬಳಸುತ್ತಾರೆ? ಸಂಸಾರವಂದಿಗರು ಹೋಗುವ ಕ್ಯಾಂಪ್‌ಸೈಟುಗಳಲ್ಲಿ ಬಿಸಿನೀರಿನ ಸ್ನಾನಗೃಹಗಳ ಕಟ್ಟಡ ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಬಳಸಿದ ಪ್ರತಿ ಹನಿಯನ್ನೂ ಯಾರೋ ಹೊತ್ತು ತರಬೇಕು. ನೀರು ಬರುವುದು ಹೊರಗೆ ಇಟ್ಟ ನಲವತ್ತು ಲೀಟರಿನ ಪೀಪಾಯಿಯಿಂದ, ಅದನ್ನು ನಲ್ಲಿಯ ತನಕ ಉರುಳಿಸಿಕೊಂಡು ಹೋಗಿ ತುಂಬಿಸಿ ತರಬೇಕು. ಏಳು ಜನಕ್ಕೆ ನಲವತ್ತು ಲೀಟರು! ಬಳಸಿದ ನೀರಿಗೆ ಇನ್ನೊಂದು ಡಬ್ಬ. ಟಾಯ್ಲೆಟ್ಟಿನ ಅಡಿಗೆ ಹೊರಗಿನ ಸಣ್ಣ ಬಾಗಿಲಿಂದ ಎಳೆಯುವ ಪೆಟ್ಟಿಗೆ. ಅದನ್ನು ಕ್ಯಾಸೆಟ್ ಎನ್ನುತ್ತಾರೆ, ಹಾಡಿಗೂ ಅದಕ್ಕೂ ಸಂಬಂಧವಿಲ್ಲ. ಇಪ್ಪತ್ತು ಲೀಟರಿನ ಒಳಗಿನ ಆ ಪೆಟ್ಟಿಗೆ ತುಂಬಿದಾಗ ಹೊತ್ತುಕೊಂಡು ಹೋಗಿ ಗೊತ್ತುಮಾಡಿದ ಜಾಗದಲ್ಲಿ ಸುರಿದು ತೊಳೆದು ತರಬೇಕು. ಏಳು ಜನ ಎಂದರೆ ದಿನಕ್ಕೊಂದು ಸಲ. "ಯಾರು?" ಎಂದು ಅಕ್ಕ ಕೇಳಿದಳು. ಭಾವ ಕಿಟಕಿಯ ಪರದೆ ಚೆನ್ನಾಗಿದೆ ಎಂದ. ರಾತ್ರಿ ಹೊತ್ತಿನ ತುರ್ತಿಗೆ ಸಣ್ಣ ಟಾಯ್ಲೆಟ್ ಸಾಕು, ಉಳಿದ ಜಾಗ ಕೂರಲು ಸಿಗಲಿ ಎಂಬುದು ನನ್ನ ಮತ.

ಅಡಿಗೆಯ ಕಡೆಗೆ ಬಂದರೆ ಮೂರು ಗ್ಯಾಸ್ ಒಲೆ, ಒಂದು ಕರೆಂಟಿನ ಬಿಲ್ಲೆ. ನೋಡಲು ಜೋರಾಗಿದ್ದರೂ ಅಕ್ಕ ತಂದಿದ್ದ ದೋಸೆಕಾವಲಿ ಇಟ್ಟು ನೋಡಿದಳು (ಹೌದು, ತಂದಿದ್ದಳು). ಒಂದೇ ಕಾವಲಿ ಎರಡು ಒಲೆ ಮುಚ್ಚಿತು. ಪಕ್ಕದಲ್ಲಿ ಕುಕ್ಕರ್ ಇಡಲು ಜಾಗವಿಲ್ಲ. ಕ್ಯಾಂಪ್‌ಸೈಟಿನ ಕರೆಂಟೂ ಅಳತೆಯದು, ಹತ್ತು ಆಂಪಿಯರೋ ಹದಿನಾರೋ. ಹತ್ತು ಎಂದರೆ 2,300 ವ್ಯಾಟ್. ಮನೆಯಲ್ಲಿ ಬಳಸುವ ಮೂರು ಕಿಲೋವ್ಯಾಟಿನ ಕೆಟಲ್ ಒಂದನ್ನೇ ಹಾಕಿದರೂ ಟ್ರಿಪ್ ಆಗುತ್ತದೆ. ಹೀಟರ್ ಓಡುತ್ತಿರುವಾಗ ಮಿಕ್ಸಿ ತಿರುಗಿಸುವ ಮುಂಚೆ ಕೂಡಿಸಿ ನೋಡಬೇಕು. ಇನ್ನು ಒಗ್ಗರಣೆ. ಇಂಗು ಸಾಸಿವೆ ಸಿಡಿದರೆ ಆ ಘಮ ರಾತ್ರಿ ಹಾಸಿಗೆಯಾಗುವ ದಿಂಬಿನೊಳಗೇ ಇಳಿಯುತ್ತದೆ. ತಿಳಿದವರು ಗಾಡಿಯ ಪಕ್ಕಕ್ಕೆ ಕಟ್ಟುವ ಡೇರೆಯಲ್ಲಿ ಅಡಿಗೆ ಮಾಡುತ್ತಾರಂತೆ, ಅದಕ್ಕೆ ಆನಿಂಗ್ ಎಂದು ಹೆಸರು. ಬದಿಯ ಪರದೆಗಳನ್ನು ತೆರೆದಿಟ್ಟೇ ಒಲೆ ಹಚ್ಚಬೇಕು, ಮುಚ್ಚಿದ ಡೇರೆಯಲ್ಲಿ ಒಲೆ ಇಟ್ಟು ವಿಷಗಾಳಿಗೆ ಜೀವ ಹೋದದ್ದುಂಟು. ಗಾಡಿಯ ನೆಲದಲ್ಲೂ ಗಾಳಿಗೆಂದೇ ಬಿಟ್ಟ ತೂತುಗಳಿರುತ್ತವೆ. ಚಳಿ ಎಂದು ಅದಕ್ಕೆ ಬಟ್ಟೆ ತುರುಕಬಾರದು.

ಇಷ್ಟಾದರೂ ಭಾವನ ಮನಸ್ಸು ದೈತ್ಯನ ಮೇಲೇ ನಿಂತಿತ್ತು. ಮುರಿದದ್ದು ಬಾಗಿಲ ಪಕ್ಕದ ಲೋಹದ ತಗಡು.

ಆ ತಗಡಿನ ಮೇಲೆ ಗಾಡಿ ತುಂಬಿದಾಗ ಗರಿಷ್ಠ ಎಷ್ಟು ತೂಗಬಹುದು ಎಂದು ಕೊರೆದಿರುತ್ತದೆ. ಇದರದ್ದು 1,700 ಕೆ.ಜಿ. ದಾಟಿತ್ತು. ಭಾವನ ಏಳು ಸೀಟಿನ ಕಾರಿನ ತೂಕ ಸುಮಾರು 1,800. ಕಾನೂನಿನ ಪ್ರಕಾರ ಕಾರಿನ ಕಂಪನಿ ಎಷ್ಟು ಎಳೆಯಬಹುದು ಎಂದಿದೆಯೋ ಅಷ್ಟನ್ನು ಎಳೆಯಬಹುದು. ಆದರೆ ಅಲ್ಲಿನ ಕ್ಯಾರವಾನ್ ಕ್ಲಬ್ಬುಗಳು ಹೊಸಬರಿಗೆ ಹೇಳುವ ಬುದ್ಧಿಮಾತು ಬೇರೆ, ಕಾರಿನ ತೂಕದ ಶೇಕಡಾ 85 ಮೀರಬೇಡಿ ಎಂದು. 1,800ಕ್ಕೆ 85 ಎಂದರೆ 1,530. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಭಾರವಾದರೆ ಲಾರಿಯೊಂದು ಪಕ್ಕದಲ್ಲಿ ಹಾದಾಗಿನ ಗಾಳಿಗೆ ಬಾಲವೇ ನಾಯಿಯನ್ನು ಅಲ್ಲಾಡಿಸಲು ಶುರುಮಾಡುತ್ತದೆ. ಹಾಗಾಗಿ ಕ್ಯಾರವಾನ್ ಆರಿಸುವುದು ಶುರುವಾಗಬೇಕಾದ್ದು ಈ ಅಂಗಳದಲ್ಲಲ್ಲ, ಮನೆಯಲ್ಲಿ ನಿಂತಿರುವ ಕಾರಿನಿಂದ. ಭಾವ ಅದನ್ನು ಮನೆ ಬಿಡುವ ಮುಂಚೆಯೇ ಹೇಳಬಹುದಿತ್ತು. ಕಾರಿನ ಪುಸ್ತಕ ಓದಿದ್ದನಂತೆ, ಗಾಡಿ ನೋಡಿದ ಮೇಲೆ ಮರೆಯಿತಂತೆ.

ಲೈಸೆನ್ಸಿನ ತೊಡಕು ಈಗ ಇಲ್ಲ. 1997ರಿಂದೀಚೆಗೆ ಪಾಸಾದವರು ದೊಡ್ಡದನ್ನು ಎಳೆಯಲು ಇನ್ನೊಂದು ಪರೀಕ್ಷೆ ಕೊಡಬೇಕಿತ್ತು, 2021ರ ಡಿಸೆಂಬರಿನಲ್ಲಿ ಅದು ಹೋಯಿತು. ಮಿಕ್ಕ ನಿಯಮಗಳು ಚುಟುಕು. ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 50. ಮೂರು ಸಾಲಿನ ಮೋಟರ್‌ವೇಯಲ್ಲಿ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಹಿಂದೆ ಕಾಣಲು ಕಾರಿನ ಕನ್ನಡಿಗೆ ಕಿವಿಯಂತೆ ಉದ್ದ ಕನ್ನಡಿ. ಓಡುವಾಗ ಗಾಡಿಯೊಳಗೆ ಯಾರೂ ಇರಬಾರದು. ಐದು ವರ್ಷದವನು ಇದನ್ನು ಕೇಳಿ ಅತ್ತುಬಿಟ್ಟ. ಅವನ ಲೆಕ್ಕದಲ್ಲಿ ಮಲಗಿಕೊಂಡೇ ಹೋಗುವುದಕ್ಕಲ್ಲವೇ ಇದನ್ನು ಕೊಳ್ಳುತ್ತಿರುವುದು?

ಅವನ ಅಳುವಿನೊಳಗೆ ಒಂದು ಗಣಿತವೂ ಇತ್ತು. ಏಳೂ ಜನ ಕಾರಿನಲ್ಲೇ ಕೂರಬೇಕು ಎಂದರೆ ಏಳು ಸೀಟಿನ ಕಾರಿನ ಹಿಂದಿನ ಸಾಲನ್ನೂ ಎಬ್ಬಿಸಬೇಕು. ಆಗ ಡಿಕ್ಕಿಯಲ್ಲಿ ಒಂದು ಚೀಲಕ್ಕೂ ಜಾಗವಿರುವುದಿಲ್ಲ. ಎಲ್ಲ ಸಾಮಾನೂ ಕ್ಯಾರವಾನಿಗೆ ಹೋಗಬೇಕು. ಕ್ಯಾರವಾನ್ ಎಷ್ಟು ಹೊರಬಲ್ಲದು? ಇದಕ್ಕೆ ಯುರೋಪಿನವರದೊಂದು ಕನಿಷ್ಠ ಸೂತ್ರವಿದೆ. ಮಲಗುವವರ ತಲೆಗೆ ಹತ್ತು ಕೆ.ಜಿ., ಗಾಡಿಯ ಉದ್ದದ ಮೀಟರಿಗೆ ಹತ್ತು, ಅದರ ಮೇಲೆ ಮೂವತ್ತು. ಆರು ಬರ್ತ್, ಆರು ಮೀಟರ್ ಎಂದರೆ ನೂರೈವತ್ತು ಕೆ.ಜಿ. ಅದರಲ್ಲಿ ಸರಿಸುವ ಮೋಟಾರಿಗೆ ಮೂವತ್ತು, ಬ್ಯಾಟರಿಗೆ ಇಪ್ಪತ್ತರ ಮೇಲೆ, ಡೇರೆಗೆ ಇಪ್ಪತ್ತೈದು ಕಳೆಯಿರಿ. ಉಳಿದದ್ದನ್ನು ಏಳರಿಂದ ಭಾಗಿಸಿದರೆ ತಲೆಗೆ ಹತ್ತು ಕೆ.ಜಿ. ಚಿಲ್ಲರೆ. ಬಟ್ಟೆ, ಹೊದಿಕೆ, ಪಾತ್ರೆ, ಅಕ್ಕಿ, ಮಳೆಯ ಬೂಟು ಎಲ್ಲ ಅದರಲ್ಲೇ. ಬೆಂಗಳೂರಿನಿಂದ ಹೊತ್ತು ತಂದ ಅಕ್ಕನ ಟೇಬಲ್ ಟಾಪ್ ಗ್ರೈಂಡರೇ ಹತ್ತು ಕೆ.ಜಿ.ಗೆ ಕಡಿಮೆಯಿಲ್ಲ. "ಗ್ರೈಂಡರ್ ಬಂದ್ರೆ ಒಬ್ಬರು ಬರೋ ಹಾಗಿಲ್ಲ," ಎಂದ ಭಾವ. "ಹಿಟ್ಟು ರುಬ್ಬಿಕೊಂಡೇ ಹೋಗೋಣ," ಎಂದಳು ಅಕ್ಕ. ದೊಡ್ಡ ಸಂಸಾರಕ್ಕೆ ಕ್ಯಾರವಾನ್ ನೋಡುವವರು ಸೋಫಾ ಎಷ್ಟು ಮೆತ್ತಗಿದೆ ಎಂದು ಒತ್ತಿ ನೋಡುವ ಮುಂಚೆ ಈ ಒಂದು ಕಳೆಯುವ ಲೆಕ್ಕ ಮಾಡಿಬಿಟ್ಟರೆ ಅರ್ಧ ಅಂಗಳ ಸುತ್ತುವುದು ತಪ್ಪುತ್ತದೆ.

ಹೊಸವನ್ನು ಬಿಟ್ಟು ಹಳೆಯವುಗಳ ಸಾಲಿಗೆ ಬಂದೆವು. ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹತ್ತು ವರ್ಷ ದಾಟಿದ ಒಂದು ಚೆಲುವೆ. ಓಕ್ ಬಣ್ಣದ ಬೀರುಗಳು, ಅಗಲ ಮೇಜು, ಬೆಲೆ ಹೊಸದರ ಮೂರನೆಯ ಒಂದು ಭಾಗ. ಅಜ್ಜಿ ಬಾಗಿಲಲ್ಲೇ ನಿಂತರು. ಮೂಗು ಮುರಿದರು.

"ಇದು ಸೋರಿದೆ."

ಎಲ್ಲೂ ಕಲೆ ಇರಲಿಲ್ಲ. "ಆಷಾಢದಲ್ಲಿ ಅಟ್ಟದ ಮೇಲಿನ ಕಂಬಳಿ ವಾಸನೆ ಇದು, ನಂಗೆ ಗೊತ್ತಾಗಲ್ವಾ?" ಎಂದರು ಅಜ್ಜಿ. ಮಾರುವವನು ಜೇಬಿನಿಂದ ಎರಡು ಸೂಜಿಯ ಸಣ್ಣ ಯಂತ್ರ ತೆಗೆದ. ಗೋಡೆಗೆ ಚುಚ್ಚಿದರೆ ತೇವ ಎಷ್ಟೆಂದು ಹೇಳುತ್ತದೆ. ಹದಿನೈದರ ಒಳಗಿದ್ದರೆ ಚಿಂತೆಯಿಲ್ಲ, ಇಪ್ಪತ್ತು ದಾಟಿದರೆ ರಿಪೇರಿ. ಬದಿಗೋಡೆಗಳಲ್ಲಿ ಹನ್ನೆರಡು, ಹದಿಮೂರು. ಮುಂದಿನ ಕಿಟಕಿಯ ಕೆಳಮೂಲೆಗೆ ಬಂದಾಗ ಇಪ್ಪತ್ತೆರಡು. ಅವನು ಯಂತ್ರ ಜೇಬಿಗಿಟ್ಟು ಅಜ್ಜಿಗೆ ಒಂದು ಸಣ್ಣ ಸಲಾಮು ಹೊಡೆದ.

ಕ್ಯಾರವಾನಿನ ಶತ್ರು ಮಳೆ. ಗೋಡೆ ಎಂದರೆ ಎರಡು ತೆಳು ಹಾಳೆಗಳ ನಡುವೆ ಥರ್ಮೋಕೋಲಿನಂಥದ್ದನ್ನು ಅಂಟಿಸಿದ ಹಲಗೆ. ಹಳೆಯವಕ್ಕೆ ಒಳಗೆ ಮರದ ಚೌಕಟ್ಟು ಬೇರೆ. ಕೂಡುವ ಕಡೆಯ ಅಂಟು ಒಣಗಿ ಬಿರಿದರೆ ನೀರು ಒಳಗೊಳಗೇ ಇಳಿದು ವರ್ಷಗಟ್ಟಲೆ ಕೊಳೆಸುತ್ತದೆ, ಹೊರಗೆ ಗೊತ್ತಾಗುವ ಹೊತ್ತಿಗೆ ಚೌಕಟ್ಟು ಹುಡಿ. ಒಲೆಯ ಮುಂದೆ, ಬಾಗಿಲ ಬಳಿ ಹಿಮ್ಮಡಿಯಲ್ಲಿ ಒತ್ತಿ ನೋಡಬೇಕು. ನೆಲ ಇಡ್ಲಿಯ ಹಾಗೆ ತಗ್ಗಿದರೆ ಒಳಗಿನ ಅಂಟು ಬಿಟ್ಟಿದೆ ಎಂದರ್ಥ. ಟೈರಿನದು ಇನ್ನೊಂದು ಮೋಸ. ವರ್ಷಕ್ಕೆ ಮೂರು ವಾರ ಓಡುವ ಗಾಡಿಯ ಟೈರಿನ ಗೀರು ಸವೆಯುವುದೇ ಇಲ್ಲ, ಹೊಸದರಂತೆ ಕಾಣುತ್ತದೆ. ಆದರೆ ನಿಂತಲ್ಲೇ ರಬ್ಬರು ಸಾಯುತ್ತದೆ. ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿ ಓದಬೇಕು. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷವಾದರೆ ಬದಲಿಸುವುದು ಒಳ್ಳೆಯದು, ಏಳು ದಾಟಿಸಲೇಬಾರದು. ಕಿಟಕಿಯ ಗಾಜಿನ ಮೇಲೆ ಕೊರೆದ ಹದಿನೇಳು ಅಕ್ಷರದ ನಂಬರಿನಿಂದ ಕದ್ದ ಮಾಲೋ, ಸಾಲ ಬಾಕಿಯಿದೆಯೋ ಎಂದೂ ಹುಡುಕಬಹುದು. 1992ರಿಂದ ಅಲ್ಲಿ ಅದಕ್ಕೊಂದು ನೋಂದಣಿ ಪುಸ್ತಕವೇ ಇದೆ.

ಅಷ್ಟು ಹೊತ್ತು ಅಜ್ಜ ನಮ್ಮ ಜೊತೆ ಒಳಗೆ ಬಂದಿರಲೇ ಇಲ್ಲ. ಒಂದೊಂದು ಗಾಡಿಯ ಮುಂದಿನ ಕೊಂಡಿಯನ್ನು ಎತ್ತಲು ನೋಡುತ್ತಾ, ಮುಂದಕ್ಕೆ ಹೋಗುತ್ತಾ ಇದ್ದರು. ಭಾವ ಏನಪ್ಪಾ ಎಂದರೆ, "ಮೂಕಿ ನೋಡ್ತಿದೀನಿ" ಎಂದರು.

ಎತ್ತಿನ ಗಾಡಿ ಹೊಡೆದವರಿಗೆ ವಿವರಿಸಬೇಕಾಗಿಲ್ಲ. ಹೇರು ಮುಂದಾದರೆ ನೊಗ ಎತ್ತಿನ ಹೆಗಲು ಜಜ್ಜುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಕ್ಯಾರವಾನಿನಲ್ಲಿ ಕಾರೇ ಎತ್ತು. ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಕೊಂಡಿಯ ಮೇಲೆ ಬೀಳಬೇಕು, ಕಾರಿನವರು ಹೇಳಿದ ಮಿತಿಯನ್ನು ದಾಟಬಾರದು. ಹಿಂಭಾರವಾದರೆ ಗಾಡಿ ಓಲಾಡಲು ಇಷ್ಟು ನೆಪ ಸಾಕು. ಹಾಗಾಗಿ ಭಾರದ ಸಾಮಾನು ಅಚ್ಚಿನ ಮೇಲೆ, ನೆಲದ ಹತ್ತಿರ. ಮೇಲಿನ ಬೀರುಗಳಲ್ಲಿ ಬಟ್ಟೆ, ಬ್ರೆಡ್ಡು. ಮಕ್ಕಳ ಹಾಸಿಗೆ ಹಿಂದಿರುವ ಗಾಡಿಗಳಲ್ಲಿ ಅದರ ಕೆಳಗಿನ ದೊಡ್ಡ ಖಾನೆ ನೋಡಿ ಎಲ್ಲರೂ ಆಸೆಗೆ ಬೀಳುತ್ತಾರೆ, ಸೈಕಲ್ಲು ಡೇರೆ ಎಲ್ಲ ಅಲ್ಲೇ ತುರುಕುತ್ತಾರೆ, ಮೂಕಿ ಏಳುತ್ತದೆ. ಮಾರುವವನು ಅಳೆಯುವ ಕೋಲು ತಂದು ಒಂದು ಗಾಡಿಯ ಮೂತಿಗೆ ಕೊಟ್ಟು ಎಪ್ಪತ್ತೆಂಟು ಎಂದ. ಅಜ್ಜ ಕೈಯಲ್ಲಿ ಎತ್ತಿ ನೋಡಿ ಎಂಬತ್ತು ಎಂದಿದ್ದರು. ಒಂದು ಮೂಟೆ ಅಡಿಕೆಗಿಂತ ಜಾಸ್ತಿ, ಅಷ್ಟೇ ಅವರ ಲೆಕ್ಕ.

ಆ ಗಾಡಿ ಜರ್ಮನಿಯದು, ಸಾಲಿನ ಕೊನೆಯಲ್ಲಿ ಒಂಟಿಯಾಗಿ ನಿಂತಿತ್ತು. ಒಂದೇ ಅಚ್ಚು, ತಗಡಿನ ಮೇಲೆ 1,500. ಬಾಗಿಲು ಮಾತ್ರ ತಪ್ಪು ಕಡೆ. ಇಂಗ್ಲೆಂಡಿನ ಗಾಡಿಗಳಲ್ಲಿ ಬಾಗಿಲು ಎಡಕ್ಕೆ, ಫುಟ್‌ಪಾತಿನ ಬದಿಗೆ. ಇದು ಬಲಕ್ಕೆ. ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಮಕ್ಕಳು ಇಳಿಯುವುದು ವಾಹನಗಳ ಕಡೆಗೆ. ಅದಕ್ಕೇ ಇನ್ನೂ ಮಾರಾಟವಾಗಿಲ್ಲ ಎಂದು ಅವನೇ ಒಪ್ಪಿಕೊಂಡ. ಒಳಗೆ ಓವನ್ ಇಲ್ಲ, ಸೋಫಾ ಇಂಗ್ಲಿಷರದರಷ್ಟು ಮೆತ್ತಗಿಲ್ಲ, ಟಾಯ್ಲೆಟ್ ರೈಲಿನದಷ್ಟೇ. ಆದರೆ ಹಿಂದಿನ ಮೂಲೆಯಲ್ಲಿ ಮೂರಂತಸ್ತಿನ ಹಾಸಿಗೆ ಇತ್ತು. ಒಂದೊಂದಕ್ಕೂ ಒಂದು ಕಿಟಕಿ, ಒಂದು ದೀಪ, ಎಲ್ಲಕ್ಕೂ ಸೇರಿ ಒಂದು ಪರದೆ. ಮೂವರೂ ಮಾತಿಲ್ಲದೆ ಹತ್ತಿಕೊಂಡರು. ಎಷ್ಟು ಕೆ.ಜಿ. ತಡೆಯುತ್ತದೆ ಎಂದು ಮೇಲಿನ ಹಲಗೆಯ ಚೀಟಿ ಓದಿ ಐದು ವರ್ಷದವನನ್ನು ಅಲ್ಲಿ ಹತ್ತಿಸಿದೆವು, ಬೀಳದ ಹಾಗೆ ಬಲೆ ಇತ್ತು. ದೊಡ್ಡವಳು ಕೆಳಗಿನದರಲ್ಲಿ ಕಾಲು ಚಾಚಿದಳು. ಪಾದಕ್ಕೂ ಗೋಡೆಗೂ ನಡುವೆ ಒಂದು ಗೇಣು. ಮೂರು ವರ್ಷ ಎಂದು ಅಕ್ಕ ಮನಸ್ಸಿನಲ್ಲೇ ಎಣಿಸಿದ್ದು ಮುಖದ ಮೇಲೆ ಕಂಡಿತು.

ಲೆಕ್ಕ ಹೀಗೆ ಕೂಡಿತು. ಮಕ್ಕಳು ಮೂವರೂ ಹಿಂದೆ. ಅಜ್ಜ ಅಜ್ಜಿ ಮುಂದಿನ ಸೋಫಾ ಹಾಸಿಗೆಯಲ್ಲಿ. ನಡುವಿನ ಮೇಜು ಮೇಜಾಗಿಯೇ ಉಳಿಯುತ್ತದೆ. ಅಕ್ಕ ಭಾವ ಹೊರಗೆ, ಡೇರೆಗೆ ಜೋಡಿಸುವ ಸಣ್ಣ ಮಲಗುವ ಕೋಣೆಯಲ್ಲಿ. ಅಜ್ಜ ಅಜ್ಜಿ ಊರಿಗೆ ಹೋದ ಮೇಲೆ ಅವರೇ ಒಳಗೆ. ಆರು ತಿಂಗಳ ನೆಂಟಸ್ತನಕ್ಕೆ ಹದಿನೈದು ವರ್ಷ ಬಳಸುವ ಗಾಡಿಯನ್ನು ದೊಡ್ಡದಾಗಿ ಕೊಳ್ಳುವುದಕ್ಕಿಂತ ಬಟ್ಟೆಯ ಕೋಣೆಯೊಂದು ಅಗ್ಗ. ಮನೆಯ ಮುಂದೆ ನಿಲ್ಲಿಸಬಹುದೇ ಎಂಬುದನ್ನೂ ಕೇಳಿಕೊಳ್ಳಬೇಕು, ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ ಅಂಗಳದಲ್ಲಿ ಕ್ಯಾರವಾನ್ ಇಡಬಾರದು ಎಂದಿರುತ್ತದೆ. ಭಾವ ಫೋನಿನಲ್ಲಿ ಮನೆಯ ಪತ್ರಗಳನ್ನು ಹುಡುಕತೊಡಗಿದ.

ಅಷ್ಟರಲ್ಲಿ ಮಳೆ ಬಂತು. ತಗಡಿನ ಮಾಡಿನ ಮೇಲೆ ಬಿದ್ದ ಹಾಗೆ ಸದ್ದು. ಬಾಗಿಲು ಎಳೆದುಕೊಂಡೆವು. ಎಂಟೂ ಜನ ಒಳಗೆ. ಹಿಂದೆ ಮೂರು ಅಂತಸ್ತಿನಿಂದ ಮೂರು ಬೇರೆ ಬೇರೆ ಕಿತಾಪತಿಯ ಸದ್ದು, ಅಜ್ಜ ಮುಂದಿನ ಸೋಫಾದಲ್ಲಿ ಕಣ್ಣು ಮುಚ್ಚಿದ್ದರು, ಭಾವ ಅವರ ಕಾಲಬಳಿ ಫೋನು ಹಿಡಿದು. ಅಜ್ಜಿ ನಡುವಿನ ಮೇಜಿಗೆ ಹೋಗಿ ಕಿಟಕಿಯ ಕಡೆ ಕೂತು, ಚೀಲದಿಂದ ಫ್ಲಾಸ್ಕು ತೆಗೆದರು. ಎದುರಿಗೆ ಅಕ್ಕ, ಪಕ್ಕದಲ್ಲಿ ನಾನು. ಕಾಲು ಗಂಟೆ ಯಾರೂ ಯಾರಿಗೂ ಅಡ್ಡ ಬರಲಿಲ್ಲ.

ಬಾಗಿಲು ತಟ್ಟಿದ ಸದ್ದು. ಮಾರುವವನು, ತೋಯ್ದು ತೊಪ್ಪೆಯಾಗಿ. ಬಂದವನು ಮೆಟ್ಟಿಲಲ್ಲೇ ಬೂಟು ಬಿಚ್ಚಿದ. ಅಕ್ಕ ಸರಿದು ಕೂತಳು.

"ಅವನಿಗೂ ಒಂದು ಲೋಟ ಬಗ್ಗಿಸು," ಎಂದರು ಅಜ್ಜಿ.